ಟಿಬಿ ಮಾತ್ರೆಯ ಆರು ತಿಂಗಳು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ತಿಂದು ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಮದ್ದು ಮೈಗೆ ಹಿಡಿದಿದೆ ಅನ್ನುತ್ತಾರೆ, ಅಷ್ಟೆ. ಅದೇ ಮನೆಯಲ್ಲಿ ಯಾರಿಗಾದರೂ ಟಿಬಿ ಮಾತ್ರೆ ಶುರುವಾಗಿ ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮಾತ್ರ 'ರಕ್ತ ಹೋಗ್ತಾ ಇದೆ' ಎಂದು ಮಾತ್ರೆ ಪಟ್ಟಿಯನ್ನು ಮೂಲೆಗೆ ಎಸೆಯುವುದುಂಟು. ಇನ್ನೊಂದು ಕಡೆ, ಕಣ್ಣು ಹಳದಿಯಾಗಿ, ಎರಡು ದಿನದಿಂದ ವಾಂತಿಯಾಗುತ್ತಿದ್ದರೂ 'ಕೋರ್ಸ್ ಬಿಡಬಾರದು ಅಂದಿದ್ದಾರಲ್ಲ' ಎಂದು ನುಂಗುತ್ತಲೇ ಹೋಗುವವರಿದ್ದಾರೆ. ಎರಡೂ ತಪ್ಪು. ಎರಡನೆಯದರಲ್ಲಿ ಜೀವಕ್ಕೇ ಅಪಾಯ.

ಯಾವ ತೊಂದರೆಯ ಹಿಂದೆ ಯಾವ ಮದ್ದಿದೆ ಎಂದು ಗೊತ್ತಿದ್ದರೆ ಈ ಎರಡು ತಪ್ಪೂ ಆಗುವುದಿಲ್ಲ. ಕೆಳಗಿರುವುದು ಮಾಮೂಲಿ ಟಿಬಿಗೆ ಕೊಡುವ ಆರು ತಿಂಗಳ ಚಿಕಿತ್ಸೆಯ ವಿಷಯ. ಮದ್ದಿಗೆ ಬಗ್ಗದ ಟಿಬಿಯ ವಿಷಯ ಕೊನೆಯ ಕಡೆಗಿದೆ, ಚಿಕ್ಕದಾಗಿ.

ನಾಲ್ಕು ಮದ್ದು ಒಟ್ಟಿಗೆ ಏಕೆ

ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕಿದರೆ 20–30 ನಿಮಿಷಕ್ಕೆ ಒಂದು ಎರಡಾಗುತ್ತದೆ. ಟಿಬಿ ಬ್ಯಾಕ್ಟೀರಿಯಾಕ್ಕೆ ಅದೇ ಕೆಲಸಕ್ಕೆ 15ರಿಂದ 20 ಗಂಟೆ ಬೇಕು. ಹೆಚ್ಚಿನ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾ ಬೆಳೆಯುತ್ತಿರುವಾಗ ಹೊಡೆಯುವಂಥವು. ಇದು ಬೆಳೆಯುವುದೇ ನಿಧಾನ. ಕೆಲವಂತೂ ತಿಂಗಳುಗಟ್ಟಲೆ ಮಲಗಿಯೇ ಇರುತ್ತವೆ. ಮೈಮೇಲೆ ಮೇಣದಂಥ ಗೋಡೆ ಬೇರೆ. ಐದು ದಿನದ ಕೋರ್ಸಿಗೆ ಇದು ಹೋಗದಿರುವುದು ಹೀಗಾಗಿಯೇ.

ಒಂದೇ ಮದ್ದು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಶ್ವಾಸಕೋಶದಲ್ಲಿ ಗುಳಿ ಬಿದ್ದ ರೋಗಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಸುಮಾರು 10 ಲಕ್ಷಕ್ಕೊಂದು ಹುಟ್ಟಿನಿಂದಲೇ, ಈ ನಾಲ್ಕು ಮದ್ದಿನಲ್ಲಿ ಒಂದಾದ ಐಸೋನಿಯಾಜಿಡ್‌ಗೆ ಜಗ್ಗದ್ದು; ಸುಮಾರು 10 ಕೋಟಿಗೊಂದು, ಇನ್ನೊಂದು ಮದ್ದಾದ ರಿಫಾಂಪಿಸಿನ್‌ಗೆ ಜಗ್ಗದ್ದು. ಒಂದನ್ನೇ ಕೊಟ್ಟರೆ ಉಳಿದದ್ದೆಲ್ಲ ಸತ್ತು, ಜಗ್ಗದ ಆ ಕೆಲವು ಜಾಗ ಖಾಲಿಯಾಯಿತೆಂದು ಬೆಳೆಯುತ್ತವೆ. ಎರಡಕ್ಕೂ ಜಗ್ಗದ್ದು ಇರುವ ಸಾಧ್ಯತೆ ಮಾತ್ರ ಕೋಟಿ ಕೋಟಿಗೊಂದು. ಅಷ್ಟು ಬ್ಯಾಕ್ಟೀರಿಯಾ ಯಾವ ರೋಗಿಯ ಮೈಯಲ್ಲೂ ಇರುವುದಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡು ಆಮೇಲೆ ಮತ್ತೆ ಮಲಗಿದ್ದು ಇದೇ ಕಾರಣಕ್ಕೆ. ಪಟ್ಟಿಯಲ್ಲಿರುವ ನಾಲ್ಕರಲ್ಲಿ 'ಈ ಒಂದು ನನಗೆ ಆಗಲ್ಲ' ಎಂದು ತಾವೇ ಬಿಡುವಂತಿಲ್ಲ ಎನ್ನುವುದೂ ಇದೇ ಲೆಕ್ಕದಿಂದ.

ನಾಲ್ಕಕ್ಕೂ ಬೇರೆ ಬೇರೆ ಕೆಲಸವಿದೆ. ಐಸೋನಿಯಾಜಿಡ್ ಮೇಣದ ಗೋಡೆಯ ಮುಖ್ಯ ಸಾಮಗ್ರಿಯಾದ ಮೈಕೋಲಿಕ್ ಆಮ್ಲ ತಯಾರಾಗದಂತೆ ತಡೆಯುತ್ತದೆ. ಚುರುಕಾಗಿ ಬೆಳೆಯುತ್ತಿರುವವನ್ನು ಮೊದಲ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಕೆಮ್ಮಿನಿಂದ ಹರಡುವುದು ಬೇಗ ತಗ್ಗುವುದರಲ್ಲಿ ಇದರ ಪಾಲು ದೊಡ್ಡದು. ಎಥಾಂಬುಟಾಲ್ ಅದೇ ಗೋಡೆಯ ಇನ್ನೊಂದು ಪದರವನ್ನು ಕಟ್ಟಲು ಬಿಡುವುದಿಲ್ಲ. ಉಳಿದ ಮೂರರಷ್ಟು ಬಲ ಇದಕ್ಕಿಲ್ಲ, ಆದರೆ ಐಸೋನಿಯಾಜಿಡ್ ಸೋತರೆ ರಿಫಾಂಪಿಸಿನ್ ಒಂಟಿಯಾಗದಂತೆ ಕಾವಲಿಗೆ ನಿಲ್ಲುತ್ತದೆ. ರಿಫಾಂಪಿಸಿನ್ ಬ್ಯಾಕ್ಟೀರಿಯಾದ ಆರ್‌ಎನ್‌ಎ ತಯಾರಿಸುವ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಮಲಗಿದ್ದು ಒಂದು ಗಳಿಗೆ ಎದ್ದರೂ ಸಾಕು, ಹೊಡೆಯುತ್ತದೆ. ಹಿಂದೆ ಒಂದೂವರೆ ವರ್ಷ ಹಿಡಿಯುತ್ತಿದ್ದ ಚಿಕಿತ್ಸೆ ಆರು ತಿಂಗಳಿಗೆ ಇಳಿದದ್ದು ಇದರಿಂದ ಮತ್ತು ಪೈರಾಜಿನಮೈಡ್‌ನಿಂದ. ಈ ಪೈರಾಜಿನಮೈಡ್ ವಿಚಿತ್ರದ್ದು. ಹುಳಿ ಅಂದರೆ ಆಮ್ಲ ಇರುವ ಕಡೆ ಮಾತ್ರ ಕೆಲಸ ಮಾಡುತ್ತದೆ. ಉರಿಯೂತದ ಜಾಗದಲ್ಲಿ, ನಮ್ಮ ಜೀವಕೋಶಗಳೊಳಗೆ ಅಡಗಿರುವ ಟಿಬಿ ಬ್ಯಾಕ್ಟೀರಿಯಾ ಇರುವುದು ಅಂಥಲ್ಲೇ.

ಕಾಫಿ ಕುಯ್ಲು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹಣ್ಣಾದದ್ದು ಒಂದು ಸುತ್ತಿನಲ್ಲಿ ಬರುತ್ತದೆ, ಉಳಿದದ್ದು ಇನ್ನೊಂದು ಸುತ್ತಿನಲ್ಲಿ, ಕೊನೆಗೆ ಗಿಡದ ಬುಡದಲ್ಲಿ ಉದುರಿದ್ದನ್ನು ಹೆಕ್ಕಬೇಕು. ಹೆಕ್ಕದೆ ಬಿಟ್ಟ ಹಣ್ಣಿನಲ್ಲೇ ಕಾಯಿಕೊರಕ ಉಳಿದು ಬರುವ ವರ್ಷದ ಫಸಲಿಗೆ ಏರುತ್ತದೆ. ಮೊದಲ 2 ತಿಂಗಳು ನಾಲ್ಕೂ ಮದ್ದು, ಅದು ಕುಯ್ಲು. ಆಮೇಲಿನ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, ಅದು ಹೆಕ್ಕುವ ಕೆಲಸ. ಲೆಕ್ಕ 56 ದಿನ, ಮತ್ತೆ 112 ದಿನ.

ಶುರುಮಾಡುವ ಮೊದಲು

ಕಫವನ್ನು ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ಪರೀಕ್ಷಿಸಿದರೆ ಟಿಬಿ ಇದೆಯೇ ಎಂಬುದರ ಜೊತೆಗೆ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದೂ ಗಂಟೆಗಳಲ್ಲೇ ತಿಳಿಯುತ್ತದೆ. ಈ ಎರಡನೆಯ ಫಲಿತಾಂಶ ಕೇಳಿ ತಿಳಿದುಕೊಳ್ಳಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಡಬ್ಬಿಯಲ್ಲಿ ಎಂಜಲು ತುಂಬಿಕೊಟ್ಟರೆ ಯಂತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಎರಡು ವಾರ ದಾಟಿದ ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಲೆವೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ತಂದು ನುಂಗುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ. ಆ ಗುಂಪಿನ ಮದ್ದು ಟಿಬಿಯನ್ನು ಅರೆಬರೆ ಹೊಡೆದು ಕೆಲವು ದಿನ ಕೆಮ್ಮು ತಗ್ಗಿಸುತ್ತದೆ, ಪರೀಕ್ಷೆಯನ್ನು ದಾರಿ ತಪ್ಪಿಸುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕಾದ್ದು ಇವು: ಹಿಂದೆ ಯಾವಾಗಲಾದರೂ ಟಿಬಿ ಮಾತ್ರೆ ತೆಗೆದುಕೊಂಡಿದ್ದೀರಾ, ಜಾಂಡೀಸ್ ಬಂದಿತ್ತೇ, ಕುಡಿಯುವುದು ಎಷ್ಟು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕಣ್ಣಿನ ತೊಂದರೆ, ಮತ್ತು ಈಗ ನುಂಗುತ್ತಿರುವ ಇತರ ಎಲ್ಲ ಮಾತ್ರೆ. ಹೆಸರು ಗೊತ್ತಿಲ್ಲದಿದ್ದರೆ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಎಲ್ಲ ಟಿಬಿ ರೋಗಿಗಳಿಗೂ ಮಾಡುತ್ತಾರೆ, ಅದರಲ್ಲಿ ಅನುಮಾನಪಡುವಂಥದ್ದೇನಿಲ್ಲ. ಗರ್ಭಿಣಿಯರಿಗೂ ಈ ನಾಲ್ಕು ಮದ್ದು ಕೊಡುತ್ತಾರೆ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮಾತ್ರ ಮಗುವಿನ ಕಿವಿಗೆ ಅಪಾಯವಾದ್ದರಿಂದ ಕೂಡದು. ಮೊಲೆಹಾಲು ನಿಲ್ಲಿಸಬೇಕಾಗಿಲ್ಲ.

ಎಷ್ಟು ಮಾತ್ರೆ, ಯಾವ ಹೊತ್ತಿಗೆ

ಸರ್ಕಾರಿ ಪಟ್ಟಿಯ ಒಂದು ಮಾತ್ರೆಯಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275 ಮಿಲಿಗ್ರಾಂ ಇರುತ್ತದೆ. ದೊಡ್ಡವರಿಗೆ ತೂಕ ನೋಡಿ ಸಂಖ್ಯೆ: 25–34 ಕೆಜಿಗೆ 2, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5, ಅದಕ್ಕಿಂತ ಮೇಲಿದ್ದರೆ 6. ಮಕ್ಕಳದು ಬೇರೆಯೇ, ನೀರಿನಲ್ಲಿ ಕರಗುವ ಮಾತ್ರೆ. ದೊಡ್ಡವರದನ್ನು ಮುರಿದು ಕೊಡಬೇಡಿ. ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ತೂಗಿಸಿಕೊಳ್ಳಿ. 48 ಕೆಜಿಯವರು ಹಳೆಯ ನೆನಪಿನಲ್ಲಿ 52 ಅಂದರೆ ದಿನವೂ ಒಂದು ಮಾತ್ರೆ ಹೆಚ್ಚು ಹೋಗುತ್ತದೆ, ಅದರ ಭಾರ ಯಕೃತ್ತಿಗೆ. ಚಿಕಿತ್ಸೆಯ ನಡುವೆ 5 ಕೆಜಿಗಿಂತ ಹೆಚ್ಚು ಏರಿ ಅಥವಾ ಇಳಿದು ಮೇಲಿನ ಗೆರೆ ದಾಟಿದರೆ ಸಂಖ್ಯೆ ಬದಲಿಸುತ್ತಾರೆ.

ಎಲ್ಲವನ್ನೂ ದಿನಕ್ಕೊಂದೇ ಸಲ, ಒಟ್ಟಿಗೆ ನುಂಗಬೇಕು. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಹಂಚಿಕೊಂಡರೆ ರಕ್ತದಲ್ಲಿ ಮದ್ದಿನ ಮಟ್ಟ ಬೇಕಾದಷ್ಟು ಎತ್ತರಕ್ಕೆ ಏರುವುದಿಲ್ಲ.

ಖಾಲಿ ಹೊಟ್ಟೆ ಒಳ್ಳೆಯದು: ಊಟಕ್ಕೆ 1 ಗಂಟೆ ಮೊದಲು ಅಥವಾ 2 ಗಂಟೆ ನಂತರ. ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್ ಎರಡೂ ತುಂಬಿದ ಹೊಟ್ಟೆಯಲ್ಲಿ ಕಡಿಮೆ ಹೀರಲ್ಪಡುತ್ತವೆ. ಆದರೆ ವಾಕರಿಕೆ ತಡೆಯಲಾಗದೆ ಬಿಡುವ ಮಟ್ಟಕ್ಕೆ ಬಂದರೆ ಒಂದು ಕಡುಬು, ಅರ್ಧ ಅಕ್ಕಿ ರೊಟ್ಟಿ ತಿಂದು ನುಂಗಿ, ಅಥವಾ ರಾತ್ರಿ ಮಲಗುವ ಹೊತ್ತಿಗೆ ಬದಲಿಸಿಕೊಳ್ಳಿ. ನಿಯಮ ಪಾಲಿಸಲು ಹೋಗಿ ಮಾತ್ರೆಯೇ ತಪ್ಪಿದರೆ ಏನು ಬಂತು? ಬೆಳಿಗ್ಗೆ ಬೇಗ ಹಾಜರಿಗೆ ನಿಲ್ಲಬೇಕಾದ ತೋಟದ ಕೆಲಸದವರಿಗೆ ರಾತ್ರಿಯೇ ಅನುಕೂಲ. ಹೊಟ್ಟೆ ಉರಿಗೆ ಆಂಟಾಸಿಡ್ ಕುಡಿಯುವವರು ಎರಡರ ನಡುವೆ 2 ಗಂಟೆ ಬಿಡಬೇಕು.

ಮಳೆಗಾಲದ ಥಂಡಿಯಲ್ಲಿ ಮಾತ್ರೆ ಇಡುವುದೂ ಒಂದು ಕೆಲಸ. ವಾರದ ಮಾತ್ರೆ ಬಿಡಿಸಿ ಡಬ್ಬಿಯಲ್ಲಿ ಹಾಕಿಡುವ ಅಚ್ಚುಕಟ್ಟುತನ ಇಲ್ಲಿ ಬೇಡ. ತೇವ ತಗುಲಿದರೆ ರಿಫಾಂಪಿಸಿನ್ ಕೆಡುತ್ತದೆ. ನುಂಗುವ ಹೊತ್ತಿಗೆ ಮಾತ್ರ ಪಟ್ಟಿಯಿಂದ ಬಿಡಿಸಿ. ಪಟ್ಟಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಳಕೋಣೆಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಆ ಬಿಸಿ ಮತ್ತು ಆವಿ ಎರಡೂ ಒಳ್ಳೆಯದಲ್ಲ.

ಬಣ್ಣ: ಹೆದರಬೇಕಾಗಿಲ್ಲದ್ದು

ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ಬರುತ್ತದೆ. ಬೆವರು, ಕಣ್ಣೀರು, ಉಗುಳಿಗೂ ಬಣ್ಣ ಬರಬಹುದು. ಬಿಳಿ ಬನಿಯನ್ನಿನ ಕಂಕುಳಲ್ಲಿ ಕಲೆ ಕೂರುತ್ತದೆ, ಮೆತುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಲೆನ್ಸ್ ಹಾಳಾಗುತ್ತದೆ. ಇದು ರಿಫಾಂಪಿಸಿನ್‌ನದೇ ಬಣ್ಣ. ಮದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರಿದೆ ಎಂಬ ಗುರುತು ಅಷ್ಟೆ.

ಗಮನಿಸಬೇಕಾದ್ದು ಬಣ್ಣ ಬರುವ ಹೊತ್ತು. ರಿಫಾಂಪಿಸಿನ್ ಬಣ್ಣ ಮಾತ್ರೆಯ ನಂತರ ಗಾಢವಾಗಿ, ಹೊತ್ತು ಕಳೆದಂತೆ ತಿಳಿಯಾಗುತ್ತದೆ. ಜಾಂಡೀಸಿನ ಮೂತ್ರ ಹಾಲು ಹಾಕದ ಕಡು ಚಹಾದಂತೆ ಕಂದು, ಮತ್ತು ಬೆಳಿಗ್ಗೆ ಸಂಜೆ ಎಂದಿಲ್ಲದೆ ಇಡೀ ದಿನ ಹಾಗೆಯೇ. ಅನುಮಾನ ಬಂದರೆ ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ನಿಲ್ಲಿಸಿ, ಕೆಳರೆಪ್ಪೆ ಎಳೆಯದೆ, ಕಣ್ಣಿನ ಬಿಳಿ ಭಾಗ ನೋಡಿ. ಬಲ್ಬಿನ ಬೆಳಕಿನಲ್ಲಿ ಹಳದಿ ಗೊತ್ತಾಗುವುದಿಲ್ಲ. ರಿಫಾಂಪಿಸಿನ್ ಮಾಮೂಲಿ ಪ್ರಮಾಣದಲ್ಲಿ ಕಣ್ಣಿನ ಬಿಳಿಯನ್ನು ಹಳದಿ ಮಾಡುವುದಿಲ್ಲ.

ಯಕೃತ್ತು: ನಿಜವಾಗಿ ಹೆದರಬೇಕಾದದ್ದು

ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು. ಮೂರರಲ್ಲಿ ಹೆಚ್ಚು ಕೆಡುಕು ಮಾಡುವುದು ಪೈರಾಜಿನಮೈಡ್, ಆಮೇಲೆ ಐಸೋನಿಯಾಜಿಡ್. ಎಥಾಂಬುಟಾಲ್ ಈ ವಿಷಯದಲ್ಲಿ ಸಾಧು. ಹೆಚ್ಚಾಗಿ ಕಾಣುವುದು ಮೊದಲ ಎರಡು ತಿಂಗಳಲ್ಲಿ. ವಯಸ್ಸಾದವರು, ಮೈಯಲ್ಲಿ ಮಾಂಸವಿಲ್ಲದೆ ಸೊರಗಿದವರು, ದಿನವೂ ಕುಡಿಯುವವರು, ಮೊದಲೇ ಹೆಪಟೈಟಿಸ್ ಬಿ ಅಥವಾ ಸಿ ಇರುವವರಿಗೆ ಅಪಾಯ ಜಾಸ್ತಿ.

ಜಾಂಡೀಸ್ ಅಂದರೆ ಕಣ್ಣು ಹಳದಿಯಾಗುವುದು ಎಂದು ಕಾದು ಕೂರಬೇಡಿ, ಅದು ತಡವಾಗಿ ಬರುವ ಗುರುತು. ಅದಕ್ಕೂ ಮೊದಲು ಬಾಯಿ ರುಚಿ ಪೂರ್ತಿ ಹೋಗುತ್ತದೆ, ಅನ್ನದ ವಾಸನೆಗೇ ವಾಕರಿಕೆ ಬರುತ್ತದೆ, ಬಲಪಕ್ಕೆಲುಬಿನ ಕೆಳಗೆ ಭಾರ ಅಥವಾ ನೋವು, ಏಳಲಾಗದ ಸುಸ್ತು. ಮೊದಲ ವಾರದ ಸಣ್ಣ ವಾಕರಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಆ ವಾಕರಿಕೆ ಮಾತ್ರೆ ನುಂಗಿದ ಒಂದೆರಡು ಗಂಟೆ ಇದ್ದು ಹೋಗುತ್ತದೆ, ದಿನ ಕಳೆದಂತೆ ತಗ್ಗುತ್ತದೆ. ಯಕೃತ್ತಿನದು ದಿನವಿಡೀ ಇದ್ದು ದಿನದಿಂದ ದಿನಕ್ಕೆ ಏರುತ್ತದೆ. ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಹೊಸದಾಗಿ ಶುರುವಾದ ವಾಂತಿಯನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಲೇಬೇಡಿ.

ಇಂಥ ಲಕ್ಷಣ ಕಂಡ ದಿನ ಮಾಡಬೇಕಾದ್ದು ಇಷ್ಟು: ಆ ದಿನದ ಮಾತ್ರೆ ನುಂಗಬೇಡಿ, ನಾಲ್ಕನ್ನೂ ನಿಲ್ಲಿಸಿ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ, ಯಕೃತ್ತಿನ ಸ್ಥಿತಿ ತೋರಿಸುವ ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಿ. ಪಟ್ಟಿ ಜೊತೆಗಿರಲಿ. ಮಾತು ತಡವರಿಸುತ್ತಿದ್ದರೆ, ಹಗಲಲ್ಲಿ ತೂಕಡಿಕೆ ಬಂದು ಕರೆದರೂ ಸರಿಯಾಗಿ ಓಗೊಡದಿದ್ದರೆ ತಡಮಾಡದೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ.

ರಕ್ತದಲ್ಲಿ ಯಕೃತ್ತಿನ ಕಿಣ್ವ ಸ್ವಲ್ಪ ಏರುವುದು ಎಷ್ಟೋ ಜನರಲ್ಲಿ ಇದ್ದದ್ದೇ, ತಾನಾಗಿ ಇಳಿಯುತ್ತದೆ. ಲಕ್ಷಣವಿದ್ದು ಮೇಲ್ಮಿತಿಯ 3 ಪಟ್ಟು ದಾಟಿದರೆ, ಅಥವಾ ಲಕ್ಷಣವಿಲ್ಲದಿದ್ದರೂ 5 ಪಟ್ಟು ದಾಟಿದರೆ ಡಾಕ್ಟರು ಮದ್ದು ನಿಲ್ಲಿಸುತ್ತಾರೆ. ಕಿಣ್ವ ಇಳಿದ ಮೇಲೆ ನಾಲ್ಕನ್ನೂ ಒಟ್ಟಿಗೆ ಶುರುಮಾಡುವುದಿಲ್ಲ. ಸಾಮಾನ್ಯವಾಗಿ ಮೊದಲು ರಿಫಾಂಪಿಸಿನ್, ಕೆಲವು ದಿನ ನೋಡಿ ಆಮೇಲೆ ಐಸೋನಿಯಾಜಿಡ್, ಹೀಗೆ ಒಂದೊಂದಾಗಿ, ನಡುನಡುವೆ ರಕ್ತ ನೋಡುತ್ತ. ಜಾಂಡೀಸ್ ಜೋರಾಗಿ ಬಂದಿದ್ದರೆ ಪೈರಾಜಿನಮೈಡ್ ಅನ್ನು ಕೈಬಿಟ್ಟು ಚಿಕಿತ್ಸೆಯನ್ನು 9 ತಿಂಗಳಿಗೆ ಚಾಚುವುದುಂಟು. ಮನೆಯಲ್ಲಿ ಉಳಿದ ಹಳೆಯ ಪಟ್ಟಿಯಿಂದ ತಾವೇ ಮತ್ತೆ ಶುರುಮಾಡುವುದು ಈ ಇಡೀ ಚಿಕಿತ್ಸೆಯಲ್ಲಿ ಮಾಡಬಹುದಾದ ಅತಿ ಅಪಾಯದ ಕೆಲಸ.

ಮಳೆಗಾಲದ ಜಾಂಡೀಸೆಲ್ಲ ಮಾತ್ರೆಯದೇ ಆಗಬೇಕಿಲ್ಲ ಎಂಬುದೂ ನೆನಪಿರಲಿ. ಇಲಿ ಜ್ವರ, ನೀರಿನಿಂದ ಬರುವ ಹೆಪಟೈಟಿಸ್ ಕೂಡ ಇದೇ ವೇಷದಲ್ಲಿ ಬರುತ್ತವೆ. ಡಾಕ್ಟರು ಅದನ್ನೂ ನೋಡಬೇಕು. ಜಾಂಡೀಸಿಗೆ ನಾಟಿ ಮದ್ದು ಕೊಡುವವರ ಹತ್ತಿರ ಹೋಗುವವರು ಟಿಬಿ ಮಾತ್ರೆಯ ವಿಷಯವನ್ನು ಅಲ್ಲಿ ಹೇಳುವುದಿಲ್ಲ, ನಾಟಿ ಮದ್ದಿನ ವಿಷಯವನ್ನು ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ನಡುವೆ ಯಕೃತ್ತು ಸಿಕ್ಕಿಬೀಳುತ್ತದೆ.

ಇನ್ನು ಕುಡಿತ. ಕೈಲ್‌ಪೊಳ್ದ್, ಪುತ್ತರಿ, ಮದುವೆ, ಮನೆಯಲ್ಲೇ ಹಾಕಿದ ವೈನ್, ಮಿಲಿಟರಿ ಕ್ಯಾಂಟೀನಿನ ರಮ್: ಕೊಡಗಿನಲ್ಲಿ ಆರು ತಿಂಗಳು ಲೋಟ ಮುಟ್ಟದಿರುವುದು ಸುಲಭದ ಮಾತಲ್ಲ. ಆದರೂ ಬೇಡ. ಮನೆವೈನ್ ಹಣ್ಣಿನದು, ಏನೂ ಆಗಲ್ಲ ಎಂಬ ಮಾತು ಯಕೃತ್ತಿಗೆ ಗೊತ್ತಾಗುವುದಿಲ್ಲ. ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ: ಕುಡಿದ ದಿನ ಮಾತ್ರೆ ಬೇಡ ಎಂದು ಬಿಡುವುದು. ವಾರಕ್ಕೆ ಎರಡು ಸಂಜೆ ಹೀಗಾದರೆ ಮಾತ್ರೆಗೆ ಬಿಡುವು, ರೋಗಕ್ಕೆ ಹಬ್ಬ. ಬಿಡಲು ಆಗುತ್ತಿಲ್ಲ ಎಂದಾದರೆ ಅದನ್ನೇ ಡಾಕ್ಟರಿಗೆ ಹೇಳಿ. ರಕ್ತಪರೀಕ್ಷೆಯನ್ನು ಬೇಗ ಬೇಗ ಮಾಡಿಸುತ್ತಾರೆ, ಬಿಡಿಸಲು ನೆರವೂ ಸಿಗುತ್ತದೆ.

ಕಣ್ಣು: ಕೆಂಪು ಹಣ್ಣು, ಹಸಿರು ಕಾಯಿ

ಎಥಾಂಬುಟಾಲ್ ಅಪರೂಪಕ್ಕೆ ದೃಷ್ಟಿನರಕ್ಕೆ ತೊಂದರೆ ಮಾಡುತ್ತದೆ. ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಕೆಂಪು–ಹಸಿರಿನ ವ್ಯತ್ಯಾಸ ಮಂಕಾಗುತ್ತದೆ, ಅಥವಾ ನೋಡುವ ವಸ್ತುವಿನ ನಟ್ಟನಡುವೆ ಮಬ್ಬು ಕೂರುತ್ತದೆ. ಈ ಮದ್ದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಅದು ಸೋತವರಲ್ಲಿ ಅಪಾಯ ಹೆಚ್ಚು.

ತಿಂಗಳಿಗೆರಡು ಸಲ ಮನೆಯಲ್ಲೇ ನೋಡಿಕೊಳ್ಳಬಹುದು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಗೋಡೆ ಕ್ಯಾಲೆಂಡರಿನ ಕೆಂಪು ತಾರೀಕುಗಳನ್ನು ಓದಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು, ಕನ್ನಡಕ ಇದ್ದರೆ ಹಾಕಿಕೊಂಡೇ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನು ಮುಚ್ಚಿಹಾಕುತ್ತದೆ. ಕುಯ್ಲಿನ ಕಾಲವಾದರೆ ಅರೆಹಣ್ಣಾದ ಒಂದು ಕಾಫಿ ಕೊಂಬೆ ಸಾಕು. ಒಂದು ಕಣ್ಣಿಗೆ ಕೆಂಪಗೆ ಕಂಡ ಹಣ್ಣು ಇನ್ನೊಂದಕ್ಕೆ ಬೂದಿಬಣ್ಣಕ್ಕೋ ಕಂದಿಗೋ ತಿರುಗಿ ಕಂಡರೆ, ಬುಟ್ಟಿಗೆ ಹಸಿರು ಕಾಯಿ ಹೆಚ್ಚು ಬೀಳುತ್ತಿದೆ ಎಂದು ತೋಟದ ಮೇಲ್ವಿಚಾರಕ ರೈಟರ್ ಬೈಯತೊಡಗಿದರೆ, ಅದೇ ಸುಳಿವು. ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರನ್ನು ನೋಡಿ. ಬೇಗ ನಿಲ್ಲಿಸಿದರೆ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ. ವಾರಗಟ್ಟಲೆ ತಡಮಾಡಿದರೆ ಮರಳದೆಯೂ ಹೋಗಬಹುದು. ಮನೆಯ ಈ ನೋಟ ಕಣ್ಣಿನ ಡಾಕ್ಟರ ಪರೀಕ್ಷೆಗೆ ಬದಲಿಯಲ್ಲ, ಅವರ ಹತ್ತಿರ ಯಾವಾಗ ಓಡಬೇಕೆಂದು ತಿಳಿಯಲಿಕ್ಕೆ.

ಪಾದ, ಕೀಲು, ಚರ್ಮ

ಅಂಗಾಲು ಉರಿ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಚಪ್ಪಲಿ ಜಾರಿದ್ದು ಗೊತ್ತಾಗದಿರುವುದು: ಇವು ಐಸೋನಿಯಾಜಿಡ್‌ನವು. ಅದು ದೇಹದ ಬಿ6 ವಿಟಮಿನ್ನಿಗೆ ಅಡ್ಡ ಬರುತ್ತದೆ, ನರಗಳು ಸೊರಗುತ್ತವೆ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಕುಡಿಯುವವರು, ಸೊರಗಿದವರಿಗೆ ಬೇಗ ಬರುತ್ತದೆ. ತಡೆಯಲು ದಿನಕ್ಕೆ 10 ಮಿಲಿಗ್ರಾಂ ಪೈರಿಡಾಕ್ಸಿನ್, ಅಂದರೆ ಅದೇ ಬಿ6, ಸಾಕು. ಬಂದ ಮೇಲೆ ಪ್ರಮಾಣ ಏರಿಸುತ್ತಾರೆ. ಟಿಬಿ ಮಾತ್ರೆ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. 'ಶಕ್ತಿ ಮಾತ್ರೆ' ಎಂದು ಉದಾಸೀನ ಮಾಡಿ ಬಿಡುವ ಆ ಚಿಕ್ಕ ಗುಳಿಗೆ ಇದೇ.

ಐಸೋನಿಯಾಜಿಡ್‌ನ ಇನ್ನೊಂದು ಕಿತಾಪತಿ ಮೀನಿನ ಜೊತೆ. ಐಸ್‌ನಲ್ಲಿ ಸರಿಯಾಗಿ ಇಡದೆ ಘಟ್ಟ ಹತ್ತಿ ಬಂದ ಬಂಗುಡೆಯಂಥ ಸಮುದ್ರ ಮೀನಿನಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಅದನ್ನು ಕರಗಿಸುವ ಕಿಣ್ವವನ್ನು ಈ ಮದ್ದು ಕಟ್ಟಿಹಾಕುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಂಡರೆ ಇದಿರಬಹುದು. ತಾಜಾ ಮೀನಿಗೆ ತೊಂದರೆಯಿಲ್ಲ.

ಭುಜ, ಮೊಣಕಾಲು, ಬೆರಳ ಗೆಣ್ಣು ನೋಯುವುದು ಪೈರಾಜಿನಮೈಡ್‌ನಿಂದ. ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹೊರಹಾಕದಂತೆ ಅದು ತಡೆಯುತ್ತದೆ. ಮರ ಕಪಾತು ಮಾಡುವವರು ಕೆಲಸದ ನೋವು ಎಂದುಕೊಳ್ಳುತ್ತಾರೆ. ಡಾಕ್ಟರು ಹೇಳಿದ ನೋವಿನ ಮಾತ್ರೆ, ಸಾಕಷ್ಟು ನೀರು, ಇಷ್ಟರಲ್ಲೇ ಸುಧಾರಿಸುತ್ತದೆ. ಎರಡು ತಿಂಗಳಾದ ಮೇಲೆ ಆ ಮದ್ದೇ ನಿಲ್ಲುವುದರಿಂದ ನೋವೂ ಹೋಗುತ್ತದೆ. ಪಂದಿಕರಿ ಬಿಡಬೇಕೇ ಎಂದು ಕೇಳುವವರಿಗೆ: ಬಿಡಬೇಕಾಗಿಲ್ಲ, ಮೈಗೆ ಪ್ರೋಟೀನ್ ಬೇಕು. ಕೀಲು ಊದಿಕೊಂಡ ದಿನಗಳಲ್ಲಿ ಮಾತ್ರ ಕಡಿಮೆ ಮಾಡಿ.

ಬರೀ ತುರಿಕೆಗೆ ಅಲರ್ಜಿ ಮಾತ್ರೆ ಕೊಟ್ಟು ಚಿಕಿತ್ಸೆ ಮುಂದುವರಿಸುತ್ತಾರೆ. ತುರಿಕೆಯ ಜೊತೆ ಗುಳ್ಳೆ ಎದ್ದರೆ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಬಾಯೊಳಗೆ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು, ಜ್ವರ ಸೇರಿಕೊಂಡರೆ ಅದು ತುರ್ತು. ಚರ್ಮದಡಿ ಸಾಸಿವೆಯಂಥ ಕೆಂಪು ಚುಕ್ಕೆ, ವಸಡು ಮೂಗಿನಲ್ಲಿ ರಕ್ತ ಬಂದರೆ ರಿಫಾಂಪಿಸಿನ್ ಪ್ಲೇಟ್‌ಲೆಟ್ ಕೆಡಿಸಿರಬಹುದು. ಹಾಗೆ ಖಚಿತವಾದರೆ ಆ ಮದ್ದನ್ನು ಮತ್ತೆಂದೂ ಕೊಡುವುದಿಲ್ಲ. ಈ ವಿಷಯ ನಿಮ್ಮ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇರಬೇಕು.

ಕೊರಳ ಗಂಟಿನ ಟಿಬಿಯಲ್ಲಿ ಮಾತ್ರೆ ಶುರುವಾದ ಮೇಲೆ ಗಂಟು ದೊಡ್ಡದಾಗುವುದೂ ಉಂಟು. ಸತ್ತ ಬ್ಯಾಕ್ಟೀರಿಯಾಗಳ ವಿರುದ್ಧ ಮೈ ತೋರುವ ಸಿಟ್ಟು ಅದು. ಮದ್ದು ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸಬೇಡಿ, ತೋರಿಸಿ ಬನ್ನಿ.

ಬೇರೆ ಮಾತ್ರೆಗಳ ಜೊತೆ ಜಗಳ

ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇತರ ಮದ್ದುಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಗುಳಿಗೆಯನ್ನು ನೆಚ್ಚಿಕೊಳ್ಳಬೇಡಿ; ಕಾಪರ್‌-ಟಿ ಅಥವಾ ಕಾಂಡೋಮ್ ಬಳಸಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯ ಬಲ ಕುಂದುತ್ತದೆ, ಹಾಗಾಗಿ ಮೊದಲ ವಾರಗಳಲ್ಲೇ ಸಕ್ಕರೆ ನೋಡಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ನ ಫೆನಿಟಾಯಿನ್, ಥೈರಾಯಿಡ್ ಮಾತ್ರೆ, ಸ್ಟೀರಾಯ್ಡ್, ಎಚ್‌ಐವಿ ಮಾತ್ರೆಗಳ ಪ್ರಮಾಣವೂ ಬದಲಾಗಬೇಕಾಗುತ್ತದೆ. ಟಿಬಿ ಮಾತ್ರೆ ಮುಗಿದ ಮೇಲೆ ಈ ಎಲ್ಲವನ್ನೂ ಹಿಂದಿನ ಪ್ರಮಾಣಕ್ಕೆ ತರಿಸಿಕೊಳ್ಳುವುದನ್ನು ಮರೆಯುವವರು ಹೆಚ್ಚು. ಆಗ ಸಕ್ಕರೆ ಕುಸಿಯುವುದು, ರಕ್ತಸ್ರಾವ ಆಗುವುದು ಹಾಗೆ.

ತಪ್ಪಿದರೆ

ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮರುದಿನ ಎರಡು ಪಾಲು ಸೇರಿಸಿ ನುಂಗಬೇಡಿ. ತಪ್ಪಿದ ದಿನ ಕೊನೆಗೆ ಸೇರುತ್ತದೆ. ರಿಫಾಂಪಿಸಿನ್ ಅನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ಚಳಿಜ್ವರ, ಮೈಕೈ ನೋವಿನಂಥ ಪ್ರತಿಕ್ರಿಯೆ ಬರುತ್ತದೆ, ವಿರಳವಾಗಿ ಮೂತ್ರಪಿಂಡವೇ ಕೈಕೊಡುತ್ತದೆ. ವಾರಗಟ್ಟಲೆ ಬಿಟ್ಟಿದ್ದರೆ ತಾವಾಗಿ ಶುರುಮಾಡದೆ ಕೇಂದ್ರಕ್ಕೆ ಹೋಗಿ, ಕಫವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಬಿಡುವುದು ಹೆಚ್ಚಾಗಿ ಮೂರನೇ ತಿಂಗಳಲ್ಲಿ. ಜ್ವರ ಹೋಗಿದೆ, ಹಸಿವಾಗುತ್ತಿದೆ, ತೂಕ ಏರಿದೆ, ಇನ್ನೇಕೆ ಮಾತ್ರೆ ಅನ್ನಿಸುತ್ತದೆ. ಬುಡದಲ್ಲಿ ಉದುರಿದ ಹಣ್ಣಿನ ಮಾತು ಇಲ್ಲಿ ನೆನಪಾಗಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ಬರೆ ಜರಿದು ರಸ್ತೆ ಮುಚ್ಚುವ ಕಡೆ ಇರುವವರು ಮುಂದಿನ ಪಟ್ಟಿಯನ್ನು ಹಳೆಯದು ಮುಗಿಯುವ ಮೊದಲೇ ಕೇಳಿ ಪಡೆಯಿರಿ; ಆದಿವಾಸಿ ಹಾಡಿಗಳಿಗೆ ಆಶಾ ಕಾರ್ಯಕರ್ತೆಯ ಮೂಲಕ ತರಿಸಿಕೊಳ್ಳಬಹುದು. ಕುಯ್ಲು ಮುಗಿದು ಲೈನ್ ಮನೆ ಬಿಟ್ಟು ಅಸ್ಸಾಮಿಗೋ ಬೇರೆ ಜಿಲ್ಲೆಗೋ ಹೊರಡುವವರು ನಿಕ್ಷಯ್ (ಸರ್ಕಾರದ ಟಿಬಿ ನೋಂದಣಿ) ಗುರುತಿನ ಸಂಖ್ಯೆ ಬರೆದುಕೊಂಡು ಹೋಗಬೇಕು. ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಅದೇ ಸಂಖ್ಯೆಯಲ್ಲಿ ಚಿಕಿತ್ಸೆ ಮುಂದುವರಿಯುತ್ತದೆ, ಮಾತ್ರೆಗೆ ಹಣವಿಲ್ಲ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಅನುಮಾನವಿದ್ದರೆ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ, ಖರ್ಚಿಲ್ಲ.

ರೋಗಿಯನ್ನು ಬೇರೆ ಮನೆಗೆ ಕಳಿಸಬೇಕೇ ಎಂಬ ಪ್ರಶ್ನೆ ಈಗಲೂ ಬರುತ್ತದೆ. ಒಂದು ಕಾಲಕ್ಕೆ ಟಿಬಿ ಅಂದರೆ ರೋಗಿಗಳನ್ನು ಬೇರೆಯಾಗಿ ಇರಿಸಿಕೊಳ್ಳುವ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಎಂಬ ಮಾತೇ ಇತ್ತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ, ಮನೆಯಲ್ಲೇ ಮಾತ್ರೆ ತೆಗೆದುಕೊಂಡವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಗುಣವಾಗುತ್ತಾರೆ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂದು ತೋರಿಸಿತು. ಮದ್ದು ಸರಿಯಾಗಿ ಹಿಡಿದರೆ ಎರಡು ವಾರಗಳಲ್ಲಿ ಹರಡುವುದು ಬಹಳ ತಗ್ಗುತ್ತದೆ. ಆ ತನಕ ಕಿಟಕಿ ತೆರೆದಿಡಿ, ಮಳೆಯೆಂದು ಮುಚ್ಚಿ ಹೊಗೆಯೊಳಗೆ ಎಲ್ಲರೂ ಒಟ್ಟಿಗೆ ಮಲಗಬೇಡಿ. ತಟ್ಟೆ ಲೋಟ ಬೇರೆ ಮಾಡುವುದರಿಂದ ಉಪಯೋಗವಿಲ್ಲ, ಟಿಬಿ ಹರಡುವುದು ಗಾಳಿಯಿಂದ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು; ರೋಗವಿಲ್ಲ ಎಂದಾದರೆ ಮುಂದೆ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ.

ಮದ್ದಿಗೆ ಬಗ್ಗದ ಟಿಬಿ

ರಿಫಾಂಪಿಸಿನ್‌ಗೆ ಬಗ್ಗದ್ದು ಎಂದು ಬಂದರೆ ಮೇಲಿನ ನಾಲ್ಕರ ಆಟ ಮುಗಿಯಿತು. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ, ಚುಚ್ಚುಮದ್ದಿಲ್ಲದ ಆರು ತಿಂಗಳ ಚಿಕಿತ್ಸೆಗೆ ಭಾರತ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಡಾಕ್ವಿಲಿನ್ ಬ್ಯಾಕ್ಟೀರಿಯಾದ ಶಕ್ತಿ ತಯಾರಿಸುವ ಯಂತ್ರವನ್ನೇ ನಿಲ್ಲಿಸುತ್ತದೆ. ಹೃದಯದ ಮಿಡಿತದ ಲಯ ಕೆಡಿಸಬಹುದಾದ್ದರಿಂದ ಆಗಾಗ ಇಸಿಜಿ ತೆಗೆಯುತ್ತಾರೆ. ಎದೆ ಹೊಡೆದುಕೊಂಡು ಕಣ್ಣು ಕತ್ತಲೆ ಬಂದರೆ ತಕ್ಷಣ ಆಸ್ಪತ್ರೆ. ಲಿನೆಜೊಲಿಡ್ ರಕ್ತಹೀನತೆ, ಪಾದದ ಉರಿ, ದೃಷ್ಟಿಯ ತೊಂದರೆ ತರುತ್ತದೆ, ಅದಕ್ಕೆ ಹಿಮೋಗ್ಲೋಬಿನ್ ನೋಡುತ್ತಲೇ ಇರಬೇಕು. ಬೇರೆ ಕೆಲವು ಚಿಕಿತ್ಸಾಕ್ರಮಗಳಲ್ಲಿರುವ ಕ್ಲೊಫಾಜಿಮಿನ್ ಮೈಬಣ್ಣ ಕಪ್ಪಗಾಗಿಸುತ್ತದೆ. ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ.

ಕೊನೆಯ ಮಾತ್ರೆಯ ನಂತರ

ಎರಡನೇ ತಿಂಗಳ ಕೊನೆಗೆ ಮತ್ತು ಆರನೇ ತಿಂಗಳ ಕೊನೆಗೆ ಕಫ ಪರೀಕ್ಷೆ. ಎರಡು ತಿಂಗಳಾದರೂ ಕಫದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಮದ್ದಿಗೆ ಬಗ್ಗುತ್ತದೆಯೇ ಎಂದು ಮತ್ತೆ ನೋಡುತ್ತಾರೆ. ಆ ಹೊತ್ತಿಗೆ ಕೆಮ್ಮು ನಿಂತಿರುವುದರಿಂದ ಕಫವೇ ಬರುವುದಿಲ್ಲ ಎನ್ನುವವರು ಹಿಂದಿನ ರಾತ್ರಿ ಚೆನ್ನಾಗಿ ನೀರು ಕುಡಿದು, ಬೆಳಿಗ್ಗೆ ನಾಲ್ಕೈದು ಸಲ ಉಸಿರನ್ನು ಆಳವಾಗಿ ಎಳೆದುಕೊಂಡು ಪ್ರಯತ್ನಿಸಿ. ಚಿಕಿತ್ಸೆ ಮುಗಿದ ಮೇಲೂ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ, ಅಂದರೆ 6, 12, 18 ಮತ್ತು 24ನೇ ತಿಂಗಳಲ್ಲಿ ತೋರಿಸಿ ಬರಬೇಕು. ನಡುವೆ ಕೆಮ್ಮು, ಸಂಜೆ ಜ್ವರ, ತೂಕ ಇಳಿತ ಕಂಡರೆ ಆ ತಾರೀಕಿಗೆ ಕಾಯದೆ ಹಳೆಯ ನಿಕ್ಷಯ್ ಸಂಖ್ಯೆ ಹಿಡಿದು ಹೋಗಿ.